27 ಇಂಚಿನ 4ಕೆ ಮಾನಿಟರ್ ಸಾಕು, 32ರ ಆಸೆ ಬಿಡಿ

ಎರಡಡಿ ಆಳದ ಮೇಜು, ದಿನವಿಡೀ ಎಕ್ಸೆಲ್ ಮತ್ತು ಕನ್ನಡ ಕರಡು ತಿದ್ದುವ ಕೆಲಸ, 27 ಇಂಚಿನ 4ಕೆ (3840×2160 ಪಿಕ್ಸೆಲ್) ಮಾನಿಟರ್ ಕೊಳ್ಳಲೋ 32 ಇಂಚಿನ ಕ್ಯೂಎಚ್‌ಡಿ (2560×1440 ಪಿಕ್ಸೆಲ್) ಕೊಳ್ಳಲೋ ಅಂತ ಕೇಳಿದ್ದೀರಿ. ಕಣ್ಣುಮುಚ್ಚಿ 27ರ 4ಕೆ ತಗೊಳ್ಳಿ ಸರ್.

32 ಇಂಚಿನ ಕ್ಯೂಎಚ್‌ಡಿಯಲ್ಲಿ ಇಂಚಿಗೆ ಸುಮಾರು 92 ಪಿಕ್ಸೆಲ್, ಅಂದರೆ ಪರದೆಯ ಚುಕ್ಕಿಗಳು. 24 ಇಂಚಿನ ಮಾಮೂಲಿ ಫುಲ್ ಎಚ್‌ಡಿಯಲ್ಲೂ ಅಷ್ಟೇ! ಜಾಗ ಹೆಚ್ಚುತ್ತದೆ, ಅಕ್ಷರ ಒಂದಿಷ್ಟೂ ಚೂಪಾಗುವುದಿಲ್ಲ. 27ರ 4ಕೆಯಲ್ಲಿ ಇದು 163. ಇಂಗ್ಲಿಷ್ ಓದುವವರಿಗೆ 92 ಇದ್ದರೂ ಹೇಗೋ ನಡೆಯುತ್ತೆ, ಆದರೆ ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಪುಟ್ಟದಾಗಿ ಕೂತಿರುತ್ತವಲ್ಲ, ಕರಡು ತಿದ್ದುವವರಿಗೆ ವ್ಯತ್ಯಾಸ ಅಲ್ಲೇ ಗೊತ್ತಾಗುವುದು. 'ಪ' ಮತ್ತು 'ಷ' ನೋಡಿ, ಹೊಟ್ಟೆಯೊಳಗಿನ ಒಂದು ಗೆರೆಯಷ್ಟೇ ಬೇರೆ.

ವಿಂಡೋಸ್‌ನಲ್ಲಿ ಸ್ಕೇಲಿಂಗ್ (ಪರದೆಯ ಮೇಲಿನದ್ದನ್ನೆಲ್ಲ ದೊಡ್ಡದು ಮಾಡುವ ಸೆಟ್ಟಿಂಗ್) 150% ಇಡಿ. ಆಗ ಎಕ್ಸೆಲ್‌ಗೆ ಕ್ಯೂಎಚ್‌ಡಿಯಷ್ಟೇ ಜಾಗ ಸಿಗುತ್ತದೆ, ಅಕ್ಷರ ಮಾತ್ರ ಸ್ಫುಟ.

ಕೊಳ್ಳುವ ಮೊದಲು ಲ್ಯಾಪ್‌ಟಾಪ್‌ನ ಮಾನಿಟರ್ ಕೇಬಲ್ ಚುಚ್ಚುವ ಪೋರ್ಟ್ ನೋಡಿ. ಹಳೆಯದು ಅಂದಿರಿ, ಎಚ್‌ಡಿಎಂಐ 1.4 ಇದ್ದರೆ 4ಕೆ ಬರುವುದು 30 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 30 ಸಲ ಚಿತ್ರ ಬದಲಾಗುವುದು) ಮಾತ್ರ, ಮೌಸ್ ಎಳೆದಾಡಿದಂತೆ ಅನ್ನಿಸಿ ತಲೆ ಕೆಡುತ್ತದೆ. 60 ಹರ್ಟ್ಸ್‌ಗೆ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಬೇಕು.

ಎಚ್‌ಡಿಆರ್ (ಬೆಳಕು-ನೆರಳಿನ ವ್ಯತ್ಯಾಸ ಹೆಚ್ಚು ತೋರಿಸುವ ಸೌಲಭ್ಯ), 144 ಹರ್ಟ್ಸ್ ಅಂತ ಅಂಗಡಿಯವರು ಹೇಳಿದರೆ ನಕ್ಕು ಸುಮ್ಮನಿರಿ. ಆ ದುಡ್ಡಿಗೆ ಎತ್ತರ ಹೊಂದಿಸುವ ಸ್ಟ್ಯಾಂಡ್ ಇರುವ ಐಪಿಎಸ್ ಪ್ಯಾನೆಲ್ (ಓರೆಯಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡದ ಪರದೆ) ಸಿಕ್ಕರೆ ಕತ್ತಿಗೆ ಒಳ್ಳೆಯದು. ಲ್ಯಾಪ್‌ಟಾಪ್ ಮಾಡೆಲ್ ಇಲ್ಲಿ ಹಾಕಿ, ಪೋರ್ಟ್ ಯಾವುದಂತ ನೋಡಿ ಹೇಳ್ತೀನಿ.