ಒಂದು ಸೆಂಟ್ ತೆರಿಗೆ ಮತ್ತು ಅದರ ಕೊನೆಯ ತಾರೀಖು

ಓದುಗರ ಪತ್ರ: ಮಗಳ ಮನೆಗೆಂದು ಅಮೆರಿಕದ ಒಕ್ಲಹೋಮ ಸಿಟಿಗೆ ಹೋಗಿ ಕೆಲವು ತಿಂಗಳು ಇದ್ದು ಬಂದೆ. ಅಲ್ಲಿ ಪಾರ್ಕ್, ಟ್ರಾಮ್, ಸ್ಟೇಡಿಯಂ ಏನೇ ಕಟ್ಟುವುದಿದ್ದರೂ ಮೊದಲು ಜನರ ಮತ ಕೇಳುತ್ತಾರಂತೆ. ಜನ ತಾವೇ ಒಪ್ಪಿ ತೆರಿಗೆ ಕಟ್ಟುತ್ತಾರಂತೆ. ಸಾಲ ಇಲ್ಲ, ಜಗಳ ಇಲ್ಲ. ನಮ್ಮ ಊರುಗಳಲ್ಲಿ ಯಾಕೆ ಹೀಗೆ ಮಾಡಬಾರದು? (ಜಯನಗರದ ನಿವೃತ್ತ ಇಂಜಿನಿಯರ್. ಹೆಸರು ಬೇಡ ಎಂದಿದ್ದಾರೆ.)

ಸಂಪಾದಕರ ಉತ್ತರ:

ನಮಸ್ಕಾರ ಸರ್. ನಿಮ್ಮ ಪತ್ರ ಓದುತ್ತಾ ಮೊದಲು ಸ್ವಲ್ಪ ಹೊಟ್ಟೆಕಿಚ್ಚಾಯಿತು. ‘ಸಾಲ ಇಲ್ಲ’ ಅಂದಿರಿ, ಅದು ಬಹುಪಾಲು ನಿಜ. ‘ಜಗಳ ಇಲ್ಲ’ ಅಂದಿರಿ ನೋಡಿ, ಅಲ್ಲಿ ನಿಂತುಬಿಟ್ಟೆ. ಜಗಳ ಇತ್ತು, ಈಗಲೂ ಇದೆ.

1991ರಲ್ಲಿ ಯುನೈಟೆಡ್ ಏರ್‌ಲೈನ್ಸ್ ತನ್ನ ವಿಮಾನ ರಿಪೇರಿ ಕೇಂದ್ರಕ್ಕೆ ಊರು ಹುಡುಕುತ್ತಿತ್ತು. ಒಕ್ಲಹೋಮ ಸಿಟಿ ತೆರಿಗೆ ದುಡ್ಡನ್ನೇ ಕೊಡುತ್ತೇವೆ ಎಂದು ಆಸೆ ತೋರಿಸಿತು. ಆದರೂ ಕೇಂದ್ರ ಇಂಡಿಯಾನಾಪೊಲಿಸ್‌ಗೆ ಹೋಯಿತು. ದುಡ್ಡು ಕಡಿಮೆ ಆಗಿ ಅಲ್ಲ, ನೌಕರರು ಒಕ್ಲಹೋಮ ಸಿಟಿಯಲ್ಲಿ ಇರಲು ಒಪ್ಪುವುದಿಲ್ಲ ಅಂತ. ಆಗಿನ ಮೇಯರ್ ರಾನ್ ನೋರಿಕ್ ಈ ಮಾತನ್ನು ಮನಸ್ಸಿಗೆ ಹಚ್ಚಿಕೊಂಡರು. ಊರಿನ ನದಿ ಎಷ್ಟು ಒಣಗಿತ್ತೆಂದರೆ ಅದರಲ್ಲಿ ಬೆಳೆದ ಹುಲ್ಲನ್ನು ಕತ್ತರಿಸಲು ಯಂತ್ರ ಓಡಿಸಬೇಕಿತ್ತು. ನದಿಗೆ ಹುಲ್ಲು ಕತ್ತರಿಸುವ ಊರು ಅಂತ ಅಲ್ಲಿನವರೇ ತಮಾಷೆ ಮಾಡುತ್ತಿದ್ದರು.

‘ಮ್ಯಾಪ್ಸ್’ (ಮೆಟ್ರೊಪಾಲಿಟನ್ ಏರಿಯಾ ಪ್ರಾಜೆಕ್ಟ್ಸ್) ಯೋಜನೆ ಹುಟ್ಟಿದ್ದು ಹೀಗೆ. ಲೆಕ್ಕ ಸರಳ. ಒಂದು ಡಾಲರ್ ಸಾಮಾನು ಕೊಂಡರೆ ಒಂದು ಸೆಂಟ್ ಹೆಚ್ಚುವರಿ ಮಾರಾಟ ತೆರಿಗೆ. ಐದು ವರ್ಷ ಮಾತ್ರ. ಅದರಲ್ಲಿ ಒಂಬತ್ತು ಕೆಲಸ: ಬೇಸ್‌ಬಾಲ್ ಮೈದಾನ, ಕಾಲುವೆ, ನದಿಗೆ ಸಣ್ಣ ಅಣೆಕಟ್ಟುಗಳು, ಗ್ರಂಥಾಲಯ, ಒಳಾಂಗಣ ಕ್ರೀಡಾಂಗಣ ಇತ್ಯಾದಿ. 1993ರ ಡಿಸೆಂಬರ್ 14ರಂದು ಮತದಾನ ನಡೆಯಿತು. ಹೌದು ಅಂದವರು ಸುಮಾರು ಶೇ 54. ಅಂದರೆ ಮತ ಹಾಕಿದವರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಬೇಡ ಅಂದಿದ್ದರು. ಐದು ವರ್ಷಕ್ಕೆ ದುಡ್ಡು ಸಾಲಲೂ ಇಲ್ಲ. ಖರ್ಚು ಅಂದಾಜು ಮೀರಿತು. 1998ರಲ್ಲಿ ಮತ್ತೆ ಜನರ ಮುಂದೆ ಹೋಗಿ, ಇನ್ನು ಆರು ತಿಂಗಳು ಕೊಡಿ ಎಂದು ಕೇಳಿದರು. ಜನ ಕೊಟ್ಟರು. ಒಟ್ಟು ಸುಮಾರು 31 ಕೋಟಿ ಡಾಲರ್ ತೆರಿಗೆ ಬಂತು.

ಆ ಒಣ ನದಿಯಲ್ಲಿ ಈಗ ದೋಣಿ ಪಂದ್ಯ ನಡೆಯುತ್ತದೆ. ಪಕ್ಕದಲ್ಲೇ ಮ್ಯಾಪ್ಸ್‌ನ ಮೂರನೇ ಸುತ್ತಿನ ದುಡ್ಡಿನಲ್ಲಿ ಕಟ್ಟಿದ, ರಭಸದಿಂದ ನೀರು ಹರಿಯುವ ಕೃತಕ ಹಾದಿ ಇದೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಕನೂ ಸ್ಲಾಲಂ (ರಭಸದ ನೀರಲ್ಲಿ ದೋಣಿ ನಡೆಸುವ) ಸ್ಪರ್ಧೆಯನ್ನು ಅಲ್ಲಿಗೇ ಕೊಟ್ಟಿದ್ದಾರೆ. ಒಲಿಂಪಿಕ್ಸ್ ನಡೆಯುವ ಊರಿಂದ ಸುಮಾರು ಎರಡು ಸಾವಿರ ಕಿಲೋಮೀಟರ್ ದೂರ!

ಸಾಲ ಇಲ್ಲ ಅನ್ನುವುದಕ್ಕೂ ಒಂದು ಬೆಲೆ ಇದೆ. ದುಡ್ಡು ಕೈಗೆ ಬಂದ ಮೇಲೆ ಕಟ್ಟಬೇಕು. ನೀವು ಓಡಾಡಿದ ಟ್ರಾಮ್‌ಗೆ ಮತ ಬಿದ್ದದ್ದು 2009ರಲ್ಲಿ. ಅದು ಓಡಿದ್ದು 2018ರ ಡಿಸೆಂಬರ್‌ನಲ್ಲಿ. ಬಡ್ಡಿ ಉಳಿಯಿತು, ವರ್ಷ ಹೋಯಿತು. ಇನ್ನು ರಸ್ತೆ, ಸೇತುವೆಗೆ ಅವರು ಸಾಲವನ್ನೂ ಮಾಡುತ್ತಾರೆ. ಬಾಂಡ್, ಅಂದರೆ ಸಾಲಪತ್ರ ಮಾರುವ ಮೂಲಕ. ಅದಕ್ಕೂ ಮತದಾನ ಇದೆ. 2017ರಲ್ಲಿ ಇಂಥ 13 ಬಾಂಡ್ ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿದರು. ರಸ್ತೆಗೆ ಹೌದು, ಪಾರ್ಕ್‌ಗೆ ಬೇಡ ಅಂತ ಹೇಳಬಹುದಿತ್ತು. ಜನ ಹದಿಮೂರಕ್ಕೂ ಹೌದು ಅಂದರು, ಅದು ಬೇರೆ ಮಾತು.

ಮ್ಯಾಪ್ಸ್‌ನಲ್ಲಿ ಆ ಆಯ್ಕೆ ಇಲ್ಲ. ಅದು ಮದುವೆ ಮನೆಯ ಎಲೆ ಊಟ ಇದ್ದ ಹಾಗೆ. ಪಾಯಸ ಬೇಕಾದವರ ಎಲೆಗೂ ಹಾಗಲಕಾಯಿ ಗೊಜ್ಜು ಬೀಳುತ್ತದೆ. 2019ರ ನಾಲ್ಕನೇ ಸುತ್ತನ್ನೇ ನೋಡಿ. ಅಲ್ಲಿನ ಕೌನ್ಸಿಲ್ ಅಂದರೆ ಎಂಟು ವಾರ್ಡಿನ ಎಂಟು ಸದಸ್ಯರು ಮತ್ತು ಮೇಯರ್, ಅಷ್ಟೇ. ಆ ಬೇಸಿಗೆಯಲ್ಲಿ ಅವರು ವಿಶೇಷ ಸಭೆಗಳನ್ನು ಕರೆದು ಒಂದೊಂದು ಯೋಜನೆಯವರನ್ನೂ ಕೂರಿಸಿ ಕೇಳಿದರು. ನಿಮಗೆ ಎಷ್ಟು ಬೇಕು, ಯಾಕೆ ಬೇಕು ಅಂತ. ಕೊನೆಗೆ 16 ಕೆಲಸ, 97.8 ಕೋಟಿ ಡಾಲರ್, ಎಂಟು ವರ್ಷ ಅಂತ ತೀರ್ಮಾನವಾಯಿತು. ಪಾರ್ಕ್‌ಗಳಿಗೆ 14 ಕೋಟಿ. ಮಕ್ಕಳ, ಯುವಕರ ಕೇಂದ್ರಗಳಿಗೆ 11 ಕೋಟಿ. ಮನೆ ಇಲ್ಲದವರಿಗೆ 5 ಕೋಟಿ. ಮಾನಸಿಕ ಆರೋಗ್ಯ ಮತ್ತು ವ್ಯಸನ ಬಿಡಿಸುವ ಕೆಲಸಕ್ಕೆ 4 ಕೋಟಿ. ಜೊತೆಗೆ ಬ್ಯಾಸ್ಕೆಟ್‌ಬಾಲ್ ಅರೀನಾಗೆ, ಅಂದರೆ ಆ ಒಳಾಂಗಣ ಕ್ರೀಡಾಂಗಣಕ್ಕೆ, 11.5 ಕೋಟಿ. ಅರೀನಾ ಇಷ್ಟವಿಲ್ಲದವರೂ ಮನೆ ಇಲ್ಲದವರ ಮುಖ ನೋಡಿ ಹೌದು ಒತ್ತಿರಬಹುದು. ಅದಕ್ಕೆ ತದ್ವಿರುದ್ಧವಾಗಿಯೂ ಆಗಿರಬಹುದು. ಶೇ 70ಕ್ಕೂ ಹೆಚ್ಚು ಜನ ಒಪ್ಪಿದರು. ಇದನ್ನು ಜಾಣತನ ಅನ್ನಬೇಕೋ, ಗಂಟು ಹಾಕಿ ಮಾರಿದ್ದು ಅನ್ನಬೇಕೋ? ನನಗೆ ಎರಡೂ ಅನ್ನಿಸುತ್ತದೆ.

ನಿಮ್ಮಂಥ ಲೆಕ್ಕದವರಿಗೆ ಇನ್ನೊಂದು ವಿಷಯ. ಆ 16 ಕೆಲಸಗಳ ಪಟ್ಟಿ ಮತಪತ್ರದಲ್ಲಿ ಇರಲೇ ಇಲ್ಲ. ಒಂದು ಪ್ರಶ್ನೆಗೆ ಒಂದೇ ವಿಷಯ ಎಂಬ ರಾಜ್ಯದ ಕಾನೂನಿನ ತೊಡಕಿತ್ತು. ಹಾಗಾಗಿ ಮತಪತ್ರದಲ್ಲಿ ಇದ್ದದ್ದು ತೆರಿಗೆಯ ಪ್ರಶ್ನೆ ಮಾತ್ರ. ಪಟ್ಟಿ ಇದ್ದದ್ದು ಕೌನ್ಸಿಲ್ ಮಾಡಿದ ಒಂದು ಠರಾವಿನಲ್ಲಿ. ಜನ ಮತ ಹಾಕಿದ್ದು ಆ ಠರಾವಿನ ಮೇಲಿನ ನಂಬಿಕೆಗೆ. ಹಿಂದಿನ ಸುತ್ತುಗಳಲ್ಲಿ ಹೇಳಿದ್ದನ್ನು ಕಟ್ಟಿ ತೋರಿಸಿದ್ದರು. ಕೆಲಸ ನೋಡಿಕೊಳ್ಳಲು ನಾಗರಿಕರ ಸಲಹಾ ಮಂಡಳಿಯೂ ಇದೆ. ನಂಬಿಕೆ ಬಂದದ್ದು ಹಾಗೆ.

2023ರ ಮತದಾನ ನನಗೆ ಅಷ್ಟು ರುಚಿಸಲಿಲ್ಲ. ಊರಿನ ಬ್ಯಾಸ್ಕೆಟ್‌ಬಾಲ್ ತಂಡ ಥಂಡರ್‌ಗೆ ಹೊಸ ಅರೀನಾ, ಕಡಿಮೆ ಅಂದರೂ 90 ಕೋಟಿ ಡಾಲರ್. ತಂಡದ ಮಾಲೀಕರ ಪಾಲು ಅದರಲ್ಲಿ 5 ಕೋಟಿ. ಉಳಿದದ್ದು ಜನರ ತೆರಿಗೆ. ಶೇ 71 ಹೌದು ಬಿತ್ತು, ಸರಿ. ಆದರೆ ಸುಮಾರು ಏಳು ಲಕ್ಷ ಜನರ ಊರಲ್ಲಿ ಮತ ಹಾಕಿದವರು 60 ಸಾವಿರದ ಆಸುಪಾಸು. ಇನ್ನೂ ಒಂದು ಮಾತು. ಮಾರಾಟ ತೆರಿಗೆ ಬಡವರಿಗೇ ಜಾಸ್ತಿ ತಟ್ಟುತ್ತದೆ, ಅಲ್ವಾ? ಹಾಲು, ಬ್ರೆಡ್ ಮೇಲೆ ರಾಜ್ಯ ಹಾಕುತ್ತಿದ್ದ ಶೇ 4.5 ತೆರಿಗೆ 2024ರಲ್ಲಿ ಹೋಯಿತು. ನಗರದ ತೆರಿಗೆ ಹೋಗಲಿಲ್ಲ. ದಿನಸಿ ಕೊಳ್ಳುವ ಪ್ರತಿಯೊಬ್ಬರೂ ಅರೀನಾಗೆ ಕಾಣಿಕೆ ಹಾಕುತ್ತಲೇ ಇರುತ್ತಾರೆ, ಆಟದ ಟಿಕೆಟ್ ಕೊಳ್ಳುವ ಶಕ್ತಿ ಇರಲಿ, ಇಲ್ಲದಿರಲಿ.

ಈಗ ನಿಮ್ಮ ಪ್ರಶ್ನೆ. ನಮ್ಮಲ್ಲಿ ಯಾಕಿಲ್ಲ? ಸುಮ್ನೆ ಮನಸ್ಸಿಲ್ಲ ಅಂತ ಬೈದರೆ ಸಾಲದು. ನಮ್ಮ ಪಾಲಿಕೆಗಳಿಗೆ ಮಾರಾಟದ ಮೇಲೆ ಒಂದು ಪೈಸೆ ಹಾಕುವ ಅಧಿಕಾರವೂ ಇಲ್ಲ. ಕರ್ನಾಟಕದಲ್ಲಿ ಆಕ್ಟ್ರಾಯ್ (ಊರೊಳಗೆ ಬರುವ ಸರಕಿನ ಮೇಲಿನ ಸುಂಕ) 1979ರಲ್ಲೇ ಹೋಯಿತು. 2017ರಿಂದ ಜಿಎಸ್‌ಟಿ ಬಂತು. ಪಾಲಿಕೆ ಕೈಯಲ್ಲಿ ಉಳಿದ ದೊಡ್ಡ ತೆರಿಗೆ ಅಂದರೆ ಆಸ್ತಿ ತೆರಿಗೆ. ಒಕ್ಲಹೋಮ ಸಿಟಿಯಲ್ಲಿ ಇದರ ಉಲ್ಟಾ. ಆಸ್ತಿ ತೆರಿಗೆಯನ್ನು ನಗರ ಬಾಂಡ್ ಸಾಲ ತೀರಿಸುವುದಕ್ಕೆ ಬಳಸುತ್ತದೆ, ದಿನದ ಖರ್ಚು ಬಹುಪಾಲು ಮಾರಾಟ ತೆರಿಗೆಯಿಂದಲೇ ನಡೆಯುತ್ತದೆ. ಬಾಂಡ್ ನಮಗೂ ಹೊಸದಲ್ಲ. 1997ರಲ್ಲೇ ಬೆಂಗಳೂರು ಪಾಲಿಕೆ 125 ಕೋಟಿ ರೂಪಾಯಿ ಬಾಂಡ್ ತಂದಿತ್ತು, ರಾಜ್ಯ ಸರ್ಕಾರದ ಖಾತರಿಯ ಮೇಲೆ. ಆದರೆ ನಿಮ್ಮನ್ನೂ ನನ್ನನ್ನೂ ಯಾರೂ ಕೇಳಲಿಲ್ಲ.

ಮತ ಕೇಳುವುದು ಹಾಗಿರಲಿ. ಕೇಳುವವರಾದರೂ ಬೇಕಲ್ಲ? ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ಐದು ವರ್ಷ ಕಳೆದು 2025ರಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆ ಬಂದವು. ಅಷ್ಟೂ ದಿನ ವಾರ್ಡಿಗೆ ಒಬ್ಬ ಕಾರ್ಪೊರೇಟರ್ ಇಲ್ಲ. 2016ರಲ್ಲಿ ಉಕ್ಕಿನ ಮೇಲ್ಸೇತುವೆ ಬೇಡ ಎಂದು ಜನ ಕೈಕೈ ಹಿಡಿದು ರಸ್ತೆಯಲ್ಲಿ ನಿಂತರು. 2017ರಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಮತಪತ್ರ ಇಲ್ಲದ ಊರಲ್ಲಿ ನಡೆದ ಮತದಾನ ಅಂದರೆ ಅದೇ. ಆದರೆ ಹಾಗೆ ನಿಂತು ಬೇಡ ಅನ್ನಬಹುದು, ಇದು ಬೇಕು, ಇಷ್ಟರಲ್ಲಿ ಬೇಕು ಅನ್ನಲು ಆಗುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಅವರಿಂದ ನಾವು ಮೊದಲು ತರಬೇಕಾದದ್ದು ಮತದಾನವನ್ನಲ್ಲ, ಕೊನೆಯ ತಾರೀಖನ್ನು. ಈ ತೆರಿಗೆ ಇಂಥ ದಿನ ಶುರು, ಇಂಥ ದಿನ ಮುಗಿಯುತ್ತದೆ, ಇಂಥ ಕೆಲಸಕ್ಕೆ ಮಾತ್ರ. ಮುಂದೆ ಬೇಕಾದರೆ ಮತ್ತೆ ಬಂದು ಕೇಳಬೇಕು. ಕೇಳಲು ಬರಬೇಕಲ್ಲ ಅನ್ನುವ ಭಯಕ್ಕೇ ಅರ್ಧ ಕೆಲಸ ನೆಟ್ಟಗಾಗುತ್ತದೆ. ನಮ್ಮ ಆಸ್ತಿ ತೆರಿಗೆ ಜೊತೆಗೆ ಗ್ರಂಥಾಲಯ ಕರ, ಆರೋಗ್ಯ ಕರ, ಭಿಕ್ಷುಕರ ಕರ ಎಲ್ಲ ಕಟ್ಟುತ್ತೇವೆ. ಕೆಲಸದ ಹೆಸರು ಇದೆ. ತಾರೀಖು ಇಲ್ಲ.

ಒಂದು ಉಪಕಾರ ಮಾಡಿ ಸರ್. ಮಗಳಿಗೆ ಹೇಳಿ ಅಲ್ಲಿನ ಒಂದು ದಿನಸಿ ಅಂಗಡಿ ರಸೀದಿಯ ಫೋಟೋ ತರಿಸಿ. ನಿಮ್ಮ ಆಸ್ತಿ ತೆರಿಗೆ ರಸೀದಿಯನ್ನೂ ಕಳಿಸಿ, ಹೆಸರು ವಿಳಾಸ ಅಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡನ್ನೂ ಅಕ್ಕಪಕ್ಕ ಹಾಕುತ್ತೇವೆ.