ಅದೇ ಇಡ್ಲಿ, ಬೇರೆ ಹೊಟ್ಟೆ

(ಗುರುತಿನ ವಿವರ ಬದಲಿಸಿದೆ.) ಊಟದ ಸಲಹೆಗೆ ನಮ್ಮಲ್ಲಿಗೆ ಬಂದವರು: ವಯಸ್ಸು 31, ಬೆಂಗಳೂರಿನಲ್ಲಿ ಖಾಸಗಿ ಕೆಲಸ, ಒಬ್ಬರೇ ವಾಸ. ಉಂಡ ಅರ್ಧ ಗಂಟೆಗೆ ಹೊಟ್ಟೆ ಉಬ್ಬರ, ಸಂಜೆಯಾದರೆ ಕಾರಣವಿಲ್ಲದ ಕಳವಳ. ವೈದ್ಯರು ಐಬಿಎಸ್ (ಕರುಳು ಸುಲಭವಾಗಿ ಕೆರಳಿ ಹೊಟ್ಟೆನೋವು, ಉಬ್ಬರ, ಮಲದ ಏರುಪೇರು ತರುವ ತೊಂದರೆ) ಎಂದಿದ್ದರು. ಮಲದಲ್ಲಿ ರಕ್ತ, ತೂಕ ಇಳಿಕೆ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ ಯಾವುದೂ ಇಲ್ಲವೆಂದು ಖಚಿತಪಡಿಸಿಕೊಂಡೇ ಊಟದ ಮಾತು ತೆಗೆದದ್ದು.

ಯೂಟ್ಯೂಬ್ ನೋಡಿ ಮೊದಲು ಮೊಸರು ಬಿಟ್ಟಿದ್ದರು, ಆಮೇಲೆ ಬೇಳೆ, ಕೊನೆಗೆ ಸೊಪ್ಪು. ಉಳಿದದ್ದು ಬಿಳಿ ಅನ್ನ, ತಿಳಿಸಾರು, ಬನ್ನು, ದಿನಕ್ಕೆ ಐದು ಲೋಟ ಕಾಫಿ. ನಾರಿಲ್ಲದೆ ಮಲಬದ್ಧತೆ, ಅದರಿಂದ ಉಬ್ಬರ. ಉಬ್ಬರಿಸಿತೆಂದು ಇನ್ನೊಂದು ಪದಾರ್ಥ ಬಂದ್.

"ಸೆರೊಟೋನಿನ್ ಕರುಳಲ್ಲೇ ತಯಾರಾಗುತ್ತಂತಲ್ಲ ಮೇಡಂ, ಏನು ತಿಂದರೆ ಹೆಚ್ಚುತ್ತೆ?" ಎಂದು ಕೇಳಿದರು. ಸೆರೊಟೋನಿನ್ ಮನಸ್ಥಿತಿಯ ಮೇಲೂ ಪ್ರಭಾವ ಬೀರುವ ರಾಸಾಯನಿಕ. ದೇಹದ ಸುಮಾರು 90% ಸೆರೊಟೋನಿನ್ ಕರುಳಿನಲ್ಲಿರುವುದು ನಿಜ, ಆದರೆ ಅದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಕರುಳಿಗೂ ಮಿದುಳಿಗೂ ನಂಟು ಇರುವುದು ಹೆಚ್ಚಾಗಿ ಇವೆರಡನ್ನೂ ಜೋಡಿಸುವ ವೇಗಸ್ ನರದ ಮೂಲಕ: ಗಾಬರಿ ಕರುಳಿನ ಚಲನೆ ಕೆಡಿಸುತ್ತದೆ, ಕರುಳಿನ ಸಂಕಟ ಮತ್ತೆ ಮಿದುಳಿಗೆ ಮುಟ್ಟುತ್ತದೆ.

ಮೊದಲ ವಾರ ಅಡುಗೆ ಬದಲಿಸಲಿಲ್ಲ. ಆರು ನಿಮಿಷದ ಊಟವನ್ನು ಇಪ್ಪತ್ತಕ್ಕೆ ಎಳೆಯುವುದು, ಫೋನ್ ಬೇರೆ ಕೋಣೆಯಲ್ಲಿಡುವುದು, ಮೊದಲ ಐದು ತುತ್ತಿನಲ್ಲಿ ಒಗ್ಗರಣೆಯ ವಾಸನೆ ಗಮನಿಸಿ, ಬಾಯಲ್ಲಿದ್ದದ್ದು ನುಂಗಿದ ಮೇಲೆ ಮುಂದಿನದಕ್ಕೆ ಕೈ ಹಾಕುವುದು, ಇಷ್ಟೇ. ಅವರು ತಾವಾಗಿ 32 ಸಲ ಅಗಿಯುವ ಲೆಕ್ಕ ಶುರು ಮಾಡಿದರು. ಮೂರನೇ ದಿನಕ್ಕೆ ಆ ಲೆಕ್ಕವೇ ಹೊಸ ಕಳವಳವಾಯಿತು, ನಿಲ್ಲಿಸಿದೆವು.

ಎರಡನೇ ವಾರದಿಂದ ಒಂದು ಸಲಕ್ಕೆ ಒಂದೇ ಪದಾರ್ಥ: ಮಧ್ಯಾಹ್ನ ಅರ್ಧ ಲೋಟ ಮಜ್ಜಿಗೆ, ನಾಲ್ಕು ದಿನ ನೋಡಿ ಎರಡು ಚಮಚ ಹೆಸರುಬೇಳೆ ತೊವ್ವೆ, ಮತ್ತೆ ನಾಲ್ಕು ದಿನಕ್ಕೆ ಬೇಯಿಸಿದ ಕ್ಯಾರೆಟ್, ಆಮೇಲೆ ಸೊಪ್ಪು. ನಾರನ್ನು ಒಮ್ಮೆಲೇ ತುಂಬಿದರೆ ಕರುಳಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಗ್ಯಾಸ್ ಹೆಚ್ಚಿಸುತ್ತವೆ. ಆಗ ಜನ "ಸೊಪ್ಪು ನನಗಾಗಲ್ಲ" ಎಂದು ತೀರ್ಮಾನಿಸಿಬಿಡುತ್ತಾರೆ. ಈರುಳ್ಳಿ, ಅವರೆಕಾಳು ಬೇಗ ಹುದುಗುವಂಥವು, ಕೊನೆಗಿಟ್ಟೆವು. ಕಾಫಿ ಎರಡೇ ಲೋಟ, ತಿಂಡಿಯ ನಂತರ. ಐದರಿಂದ ಇಳಿಸುವಾಗ ಮೂರು ದಿನಕ್ಕೊಂದು ಲೋಟ ಕಡಿಮೆ, ಇಲ್ಲವಾದರೆ ತಲೆನೋವು.

ಪುಸ್ತಕದಲ್ಲಿ ಮೂರು ಕಾಲಂ ಬರೆಸಿದೆವು: ತಿಂದದ್ದು, ತಿಂದ ರೀತಿ, ಆಮೇಲೆ ಹೊಟ್ಟೆ. ಒಂದು ಪುಟ ಹೀಗಿತ್ತು: "ಮಂಗಳವಾರ, ಇಡ್ಲಿ, ಮೀಟಿಂಗ್ ನಡುವೆ, ಉಬ್ಬರ. ಭಾನುವಾರ, ಇಡ್ಲಿ, ಅಕ್ಕನ ಮನೆ, ಏನಿಲ್ಲ." ಅಂದಿನಿಂದ ಪಟ್ಟಿಯಿಂದ ಪದಾರ್ಥ ಹೊಡೆದುಹಾಕುವುದು ನಿಂತಿತು.

ಕಳವಳಕ್ಕೆ ಊಟವೊಂದೇ ಮದ್ದಲ್ಲ. ಆಪ್ತಸಮಾಲೋಚನೆ ಜೊತೆಜೊತೆಗೇ ನಡೆದಿದೆ. ಆರನೇ ವಾರಕ್ಕೆ ಉಬ್ಬರ ವಾರಕ್ಕೆರಡು ದಿನಕ್ಕಿಳಿದಿದೆ. ಅವರೆಕಾಳಿನ ತಂಟೆಗೆ ಇನ್ನೂ ಹೋಗಿಲ್ಲ, ನಾವೂ ಒತ್ತಾಯಿಸಿಲ್ಲ.