ಮೂಳೆಯೊಳಗಿನ ಕೊಬ್ಬಿನ ಗಡ್ಡೆ: ಸೂಜಿಗೆ ಮೊದಲು ಚಿತ್ರ

ಪ್ರಶ್ನೆ: ನನಗೆ 46 ವರ್ಷ. ಹಿಮ್ಮಡಿ ನೋವೆಂದು ಎಕ್ಸ್‌ರೇ ತೆಗೆಸಿದಾಗ ಹಿಮ್ಮಡಿ ಮೂಳೆಯಲ್ಲಿ ಕಪ್ಪು ಗುಳಿಯಂಥದು ಕಂಡಿತು. ಎಂಆರ್‌ಐ ವರದಿಯಲ್ಲಿ ‘ಇಂಟ್ರಾಆಸಿಯಸ್ ಲಿಪೋಮಾ’, ಅಂದರೆ ಮೂಳೆಯೊಳಗಿನ ಕೊಬ್ಬಿನ ಗಡ್ಡೆ, ಎಂದಿದೆ. ಒಬ್ಬ ವೈದ್ಯರು ಬಯಾಪ್ಸಿ ಬೇಕೆನ್ನುತ್ತಾರೆ, ಇನ್ನೊಬ್ಬರು ಕೆರೆದು ತೆಗೆಯೋಣ ಎನ್ನುತ್ತಾರೆ. ಸೂಜಿ ಚುಚ್ಚದೆ ಇದು ಕ್ಯಾನ್ಸರ್ ಅಲ್ಲವೆಂದು ಹೇಗೆ ನಂಬುವುದು?

ಉತ್ತರ: ಇದೇ ಪ್ರಶ್ನೆ ಬೇರೆ ಬೇರೆ ಹೆಸರಿನಲ್ಲಿ ನನಗೆ ಬರುತ್ತಲೇ ಇದೆ. ಪ್ರತಿ ಸಲವೂ ಜೊತೆಗೆ ವರದಿಯ ಹಾಳೆ ಇರುತ್ತದೆಯೇ ಹೊರತು ಚಿತ್ರ ಇರುವುದಿಲ್ಲ. ಮದುವೆಯ ಕರೆಯೋಲೆ ನೋಡಿ ಊಟದ ರುಚಿ ಹೇಳಿ ಎಂದರೆ ನಾನು ಏನು ಹೇಳಲಿ? ದಯವಿಟ್ಟು ಸಿ.ಡಿ.ಯನ್ನೂ ಫಿಲ್ಮನ್ನೂ ಜೋಪಾನವಾಗಿಟ್ಟುಕೊಳ್ಳಿ, ಏಕೆಂದರೆ ಈ ಗಡ್ಡೆಯ ಮಟ್ಟಿಗೆ ರೋಗನಿರ್ಣಯ ಇರುವುದು ಚಿತ್ರದಲ್ಲಿಯೇ.

ಮೂಳೆಯಲ್ಲೇ ಹುಟ್ಟುವ ಗಡ್ಡೆಗಳಲ್ಲಿ ಇದು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ ಎಂದು ಪಠ್ಯಪುಸ್ತಕಗಳು ಹೇಳುತ್ತ ಬಂದಿವೆ. ನೋವು ಕೊಡದೆ ತೆಪ್ಪಗೆ ಕುಳಿತ ಗಡ್ಡೆಗಳು ಆ ಲೆಕ್ಕಕ್ಕೆ ಸಿಕ್ಕಿರಲಾರವು ಎಂಬುದು ನನ್ನ ಅನುಮಾನ. ಹಿಮ್ಮಡಿ ಮೂಳೆ ಮತ್ತು ತೊಡೆಮೂಳೆಯ ಮೇಲ್ತುದಿ ಇದರ ಮೆಚ್ಚಿನ ಜಾಗಗಳು. ಹಿಮ್ಮಡಿಯಲ್ಲಿ ಮೂಳೆಯ ಒಳಗಿನ ಎಳೆಗಳು ಸಹಜವಾಗಿಯೇ ವಿರಳವಾಗಿರುವ ತ್ರಿಕೋನಾಕಾರದ ಭಾಗವೊಂದಿದ್ದು, ಗಡ್ಡೆ ಬೆಳೆಯುವುದು ಅಲ್ಲಿಯೇ. ಎಕ್ಸ್‌ರೇಯಲ್ಲಿ ಅದು ಪೆನ್ಸಿಲಿನಿಂದ ಗೆರೆ ಎಳೆದಂತಹ ತೆಳುವಾದ ಬಿಳಿ ಅಂಚಿನ ಕಪ್ಪು ಗುಳಿಯಾಗಿ ಕಾಣುತ್ತದೆ. ಎಷ್ಟೋ ಸಲ ಅದರ ನಡುವೆ ಸುಣ್ಣದ ಚುಕ್ಕೆಯೊಂದು ಕುಂಕುಮವಿಟ್ಟಂತೆ ಕೂತಿರುತ್ತದೆ. ಆ ಚುಕ್ಕೆ ಕಂಡರೆ ನನಗೆ ಅರ್ಧ ನೆಮ್ಮದಿ. ಕೊಬ್ಬಿನ ಕೋಶಗಳು ಕ್ರಮೇಣ ಸತ್ತು ಸುಣ್ಣಗಟ್ಟುತ್ತವೆಂಬುದನ್ನು ಮಿಲ್‌ಗ್ರಾಮ್ ಎಂಬ ವೈದ್ಯರು 1988ರಲ್ಲಿಯೇ ಮೂರು ಹಂತಗಳಾಗಿ ವಿಂಗಡಿಸಿ ತೋರಿಸಿದ್ದರು.

ಉಳಿದರ್ಧ ನೆಮ್ಮದಿ ಸಿ.ಟಿ. ಅಥವಾ ಎಂಆರ್‌ಐನಿಂದ ಬರುತ್ತದೆ. ಸಿ.ಟಿ.ಯ ಅಳತೆಯಲ್ಲಿ ನೀರಿಗೆ 0, ಗಾಳಿಗೆ ಮೈನಸ್ 1000. ಕೊಬ್ಬು ಸುಮಾರು ಮೈನಸ್ 50ರಿಂದ ಮೈನಸ್ 120ರ ನಡುವೆ ಬರುತ್ತದೆ. ಗುಳಿಯ ಮೇಲೆ ಕರ್ಸರ್ ಇಟ್ಟಾಗ ಮೈನಸ್ 90 ಬಂದರೆ ಅಲ್ಲಿರುವುದು ನೀರಿನ ಚೀಲವೂ ಅಲ್ಲ, ಮಾಂಸದ ಗಂಟೂ ಅಲ್ಲ. ಎಂಆರ್‌ಐನಲ್ಲಿ ಟಿ1 ಎಂಬ ಬಗೆಯ ಚಿತ್ರದಲ್ಲಿ ಗಡ್ಡೆಯು ಚರ್ಮದಡಿಯ ಕೊಬ್ಬಿನಷ್ಟೇ ಬೆಳ್ಳಗಿದ್ದು, ಕೊಬ್ಬನ್ನು ಅಡಗಿಸುವ ಚಿತ್ರದಲ್ಲಿ ಆ ಕೊಬ್ಬಿನ ಜೊತೆಯಲ್ಲೇ ಕಪ್ಪಾಗಬೇಕು. ಇಲ್ಲಿ ಎಡವಿ ಬೀಳುವ ಜಾಗವೊಂದಿದೆ. ಹಳೆಯ ರಕ್ತವೂ ಟಿ1ನಲ್ಲಿ ಬೆಳ್ಳಗಿರುತ್ತದೆ. ಕೊಬ್ಬನ್ನು ಅಡಗಿಸುವ ‘ಸ್ಟಿರ್’ ಎಂಬ ವಿಧಾನವೊಂದನ್ನೇ ನೆಚ್ಚಿಕೊಂಡರೆ ಆ ರಕ್ತವೂ ಕೊಬ್ಬಿನಂತೆಯೇ ಕಪ್ಪಾಗಿ ನಮ್ಮನ್ನು ಏಮಾರಿಸಬಲ್ಲದು. ಆದ್ದರಿಂದ ಕೊಬ್ಬನ್ನು ಮಾತ್ರ ಆರಿಸಿ ಅಡಗಿಸುವ ಚಿತ್ರವನ್ನೂ ನಾನು ತೆಗೆಸುತ್ತೇನೆ.

ಹೀಗೆ ಗುಳಿಯ ತುಂಬ ಕೊಬ್ಬು ಕಂಡು, ಅಂಚು ನಯವಾಗಿದ್ದು, ಮೂಳೆಯ ಹೊರಪದರ ಒಡೆಯದಿದ್ದರೆ ಬಯಾಪ್ಸಿ ಏಕೆ ಬೇಕು? ಸೂಜಿಯಲ್ಲಿ ಬರುವುದು ಕೊಬ್ಬಿನ ಕೋಶಗಳು, ಮೂಳೆಮಜ್ಜೆಯಲ್ಲಿ ಸಹಜವಾಗಿ ಇರುವುದೂ ಅವೇ. ಪೆಥಾಲಜಿಸ್ಟ್ ಪಾಪ, ‘ಸಾಮಾನ್ಯ ಮಜ್ಜೆ, ಮಾದರಿ ಸಾಲದು’ ಎಂದು ಬರೆಯುತ್ತಾರೆ. ನೀವು ಮತ್ತೊಮ್ಮೆ ಚುಚ್ಚಿಸಿಕೊಳ್ಳುತ್ತೀರಿ. ಕೊಬ್ಬು ಬಹುಪಾಲು ಸತ್ತು ನೀರುಗುಳ್ಳೆ, ಸುಣ್ಣ ಮಾತ್ರ ಉಳಿದ ಮೂರನೆಯ ಹಂತದಲ್ಲಿ ಇದು ಮೂಳೆಯ ಇನ್‌ಫಾರ್ಕ್ಟ್ (ರಕ್ತ ಸಿಗದೆ ಸತ್ತ ಭಾಗ) ಅಥವಾ ಮೃದ್ವಸ್ಥಿ ಗಡ್ಡೆಯ ಹಾಗೆ ಕಾಣಬಹುದು; ಅನುಮಾನ ಉಳಿದರೆ ಆಗ ಮಾತ್ರ ಸೂಜಿಯ ಮಾತು. ಹೊರಪದರ ಒಡೆದಿದ್ದರೆ, ಪಕ್ಕದಲ್ಲಿ ಮಾಂಸದ ಗಂಟಿದ್ದರೆ, ಅಥವಾ ನಿದ್ದೆಗೆಡಿಸುವ ರಾತ್ರಿ ನೋವಿದ್ದರೆ ಲಿಪೋಮಾ ಎಂಬ ಹೆಸರನ್ನೇ ನಾನು ಬದಿಗಿಡುತ್ತೇನೆ.

ಇನ್ನು ಕೆರೆದು ತೆಗೆಯುವ ಮಾತು. ವೃತ್ತಿಯ ಆರಂಭದಲ್ಲಿ ನಾನೊಬ್ಬ ದರ್ಜಿಗೆ ಇಂಥದೇ ಗಡ್ಡೆಯನ್ನು ಕೆರೆಸಿ, ಮೂಳೆ ತುಂಬಿಸಲು ಸಲಹೆ ಕೊಟ್ಟಿದ್ದೆ. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು, ನೋವು ಮಾತ್ರ ಹಾಗೆಯೇ ಉಳಿಯಿತು. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಡುವಾಗಲೇ ಚುಚ್ಚುತ್ತದೆ ಎಂದು ಅವರು ಮೊದಲ ದಿನವೇ ಹೇಳಿದ್ದರು. ಅದು ಅಂಗಾಲಿನ ಪೊರೆಯ ಊತದ ನೋವು, ಗಡ್ಡೆಯದಲ್ಲ. ಅಂದಿನಿಂದ ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡದೆ ನಾನು ಚಿತ್ರ ಮುಟ್ಟುವುದಿಲ್ಲ. ನೀವೂ ಮೊದಲು ನೋವಿನ ಮೂಲವನ್ನು ಖಚಿತಪಡಿಸಿಕೊಳ್ಳಿ. ನೋವು ಗಡ್ಡೆಯದೇ ಆಗಿದ್ದರೆ, ಅಥವಾ ತೊಡೆಮೂಳೆಯಂತಹ ಭಾರ ಹೊರುವ ಜಾಗ ಮುರಿಯುವ ಹಾಗಿದ್ದರೆ ಶಸ್ತ್ರಚಿಕಿತ್ಸೆಗೆ ಅರ್ಥವಿದೆ. ಇಲ್ಲವಾದರೆ ಆರು ತಿಂಗಳಿಗೊಂದು, ವರ್ಷಕ್ಕೊಂದು ಎಕ್ಸ್‌ರೇ ಸಾಕು. ಅಷ್ಟೂ ಬೇಡವೆನ್ನುವವರಿದ್ದಾರೆ, ನಾನು ಸ್ವಲ್ಪ ಪುಕ್ಕಲ.

ಪ್ರಶ್ನೆ: ತುಪ್ಪ ತಿನ್ನುವುದನ್ನು ಬಿಟ್ಟರೆ ಗಡ್ಡೆ ಕರಗುವುದೇ?

ಉತ್ತರ: ಇಲ್ಲ, ತಟ್ಟೆಯ ತುಪ್ಪಕ್ಕೂ ಇದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಮುಂದೆ ಇದು ಕ್ಯಾನ್ಸರ್ ಆಗುತ್ತದೆಯೇ?

ಉತ್ತರ: ಅಂಥದ್ದು ವರದಿಯಾಗಿರುವುದು ತೀರ ಅಪರೂಪ, ಆ ಭಯದಿಂದ ಯಾರ ಮೂಳೆಯನ್ನೂ ನಾನು ಕೆರೆಸುವುದಿಲ್ಲ.

ಪ್ರಶ್ನೆ: ನಮ್ಮೂರಿನವರೊಬ್ಬರು ಲೇಪ ಹಚ್ಚಿ ಬಿಗಿಯಾಗಿ ಕಟ್ಟು ಹಾಕಿ, ಮೂಳೆಗಡ್ಡೆಯನ್ನು 40 ದಿನಗಳಲ್ಲಿ ಕರಗಿಸುತ್ತಾರಂತೆ.

ಉತ್ತರ: ಕರಗುವ ಮೊದಲು ಮತ್ತು ಕರಗಿದ ಮೇಲೆ ತೆಗೆದ ಎಕ್ಸ್‌ರೇ ತೋರಿಸಲಿ. ಕೇಳಿ ವರ್ಷಗಳಾದವು, ಈವರೆಗೆ ಯಾರೂ ತಂದಿಲ್ಲ. ಲೇಪದಡಿ ಬೊಬ್ಬೆ ಎದ್ದ ಚರ್ಮವನ್ನು ಮಾತ್ರ ಸಾಕಷ್ಟು ನೋಡಿದ್ದೇನೆ.

ಪ್ರಶ್ನೆ: ಮೊಣಕೈಯ ಕೆಳಗೆ ನೋವಿಲ್ಲದ ಗಡ್ಡೆಯಿದೆ, ಕೊಬ್ಬಿನದೆಂದು ಸುಮ್ಮನಿದ್ದೆ. ಒಂದು ತಿಂಗಳಿಂದ ಬೆರಳುಗಳನ್ನು ನೇರವಾಗಿ ಎತ್ತಲಾಗುತ್ತಿಲ್ಲ.

ಉತ್ತರ: ಇದು ಮೂಳೆಯ ಹೊರಮೈಗೆ ಅಂಟಿ ಬೆಳೆದ ಲಿಪೋಮಾ ಇರಬಹುದು, ಆ ಜಾಗದಲ್ಲಿ ಅದು ಬೆರಳೆತ್ತುವ ನರವನ್ನು ಒತ್ತುತ್ತದೆ. ಗಡ್ಡೆ ಸೌಮ್ಯವಾದರೂ ನರ ಬಹಳ ದಿನ ಕಾಯುವುದಿಲ್ಲ. ನನಗೆ ಇನ್ನೊಂದು ಪತ್ರ ಬರೆಯುತ್ತ ಕೂರಬೇಡಿ, ಈ ವಾರವೇ ಎಂಆರ್‌ಐ ಮಾಡಿಸಿ, ಶಸ್ತ್ರಚಿಕಿತ್ಸಕರನ್ನು ಕಾಣಿ.